ಹತ್ತು ಜನರ ನಡುವೆ ತನ್ನ ಮಾತು

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಒಟ್ಟಿಗೆ ಆರಿಸಿಕೊಂಡಿದ್ದೇನೆ. ಬರೆದವರ ವಯಸ್ಸು, ಸಂದರ್ಭ, ಸಂಬಂಧಗಳು ಬೇರೆ ಬೇರೆಯಾದರೂ ಎಲ್ಲರ ಸಂಕಟದ ಬೇರು ಒಂದೇ ಕಡೆ ಇದೆ: ಮನಸ್ಸು ಒಪ್ಪದ ವಿಷಯಕ್ಕೆ ನಾಲ್ಕು ಜನರ ಮುಂದೆ ಬಾಯಿ ಹೌದೆಂದುಬಿಡುತ್ತದೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಕಚೇರಿಯ ವಿಭಾಗದಲ್ಲಿ ಒಬ್ಬ ಸಹೋದ್ಯೋಗಿ ಮಾತಾಡುವಾಗ ಸ್ವಲ್ಪ ತೊದಲುತ್ತಾರೆ. ಬಿಡುವಿನ ಹೊತ್ತಿನಲ್ಲಿ ಅವರ ತೊದಲನ್ನು ಅನುಕರಿಸಿ ನಗುವುದು ಉಳಿದವರಿಗೆ ಅಭ್ಯಾಸವಾಗಿಬಿಟ್ಟಿದೆ. ಅವರು ಎದುರಿಗಿದ್ದಾಗಲೂ ಇದು ನಡೆಯುತ್ತದೆ, ಅವರೂ ನಗುತ್ತಾರೆ. ನನಗೆ ಇದು ಎಳ್ಳಷ್ಟೂ ಹಿಡಿಸುವುದಿಲ್ಲ, ಆದರೂ ಎಲ್ಲರ ಜೊತೆ ನಾನೂ ನಗುತ್ತೇನೆ. ಮನೆಗೆ ಬಂದ ಮೇಲೆ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತದೆ. ನಾನು ಅಷ್ಟೊಂದು ದುರ್ಬಲನೇ?

ಉತ್ತರ: ನಿಮ್ಮನ್ನು ದುರ್ಬಲರೆಂದು ಕರೆಯುವ ಮೊದಲು ನಿಮ್ಮ ಜಾಗದಲ್ಲಿ ಕೂತ ಬೇರೆಯವರು ಏನು ಮಾಡಿದ್ದಾರೆ ಎಂಬುದನ್ನು ನೋಡೋಣ. 1950ರ ದಶಕದಲ್ಲಿ ಸಾಲೊಮನ್ ಆ್ಯಶ್ ಎಂಬ ಮನೋವಿಜ್ಞಾನಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ನಡುವೆ ನಡೆಸಿದ ಪ್ರಯೋಗ ಇಂದಿಗೂ ಈ ವಿಷಯದಲ್ಲಿ ಮೊದಲು ನೆನಪಾಗುವಂಥದ್ದು. ಏಳೆಂಟು ಯುವಕರು ಒಂದು ಕೋಣೆಯಲ್ಲಿ ಕೂತಿರುತ್ತಾರೆ. ಒಂದು ಹಲಗೆಯ ಮೇಲೆ ಒಂದು ಗೆರೆ, ಇನ್ನೊಂದರ ಮೇಲೆ ಮೂರು ಗೆರೆ. ಆ ಮೂರರಲ್ಲಿ ಮೊದಲನೆಯದರಷ್ಟೇ ಉದ್ದವಿರುವುದು ಯಾವುದೆಂದು ಒಬ್ಬೊಬ್ಬರಾಗಿ ಎಲ್ಲರಿಗೂ ಕೇಳುವಂತೆ ಹೇಳಬೇಕು. ಉತ್ತರ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೆ ನೂರರಲ್ಲಿ ಒಂದು ತಪ್ಪೂ ಆಗುವುದಿಲ್ಲ. ಆದರೆ ಆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ಉತ್ತರಿಸುವವರು. ಮೊದಲ ಎರಡು ಸುತ್ತು ಸರಿಯಾಗಿ ಹೇಳಿ, ಆಮೇಲೆ ಎಲ್ಲರೂ ಒಂದೇ ದನಿಯಲ್ಲಿ ತಪ್ಪು ಗೆರೆಯನ್ನು ತೋರಿಸತೊಡಗುತ್ತಾರೆ. ಸಾಲಿನ ಕೊನೆಯಲ್ಲಿ ಕೂತ ಆ ಒಬ್ಬನಿಗೆ ಇದರ ಸುಳಿವಿಲ್ಲ. ಅವನು ಮುಂದಕ್ಕೆ ಬಾಗಿ ಗೆರೆಯನ್ನು ಮತ್ತೆ ನೋಡುತ್ತಾನೆ, ಅಕ್ಕಪಕ್ಕದವರ ಮುಖ ನೋಡುತ್ತಾನೆ, ದನಿ ತಗ್ಗಿಸುತ್ತಾನೆ. ಹೀಗೆ ಗುಂಪು ತಪ್ಪು ಹೇಳಿದ ಸುತ್ತುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳು ಗುಂಪಿನ ಕಡೆಗೆ ವಾಲಿದವು. ಒಂದು ಸಲವಾದರೂ ಬಾಗಿದವರು ನಾಲ್ಕರಲ್ಲಿ ಮೂವರು.

ಆ ಗುಂಪಿನವರು ಅವನಿಗೆ ಬಂಧುಗಳಲ್ಲ, ಮೇಲಧಿಕಾರಿಗಳಲ್ಲ, ನಾಳೆ ಮತ್ತೆ ಎದುರಾಗಬೇಕಾದವರೂ ಅಲ್ಲ. ನಿಮ್ಮ ಪಕ್ಕದಲ್ಲಿ ನಗುತ್ತಿರುವವರೊಂದಿಗೆ ನೀವು ವರ್ಷಗಟ್ಟಲೆ ದುಡಿಯಬೇಕು. ನೀವು ನಕ್ಕದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ನಿಮ್ಮ ಸ್ವಭಾವದ ದೋಷವೆಂದು ತೀರ್ಮಾನಿಸಿ ಕೂತರೆ, ಬದಲಿಸಬಹುದಾದ ಸನ್ನಿವೇಶ ಕಣ್ಣಿಗೆ ಬೀಳದೆ ಹೋಗುತ್ತದೆ.

ಆ್ಯಶ್ ಆ ಸನ್ನಿವೇಶವನ್ನು ಬಿಡಿಬಿಡಿಯಾಗಿ ಬದಲಿಸಿಯೂ ನೋಡಿದರು, ನಿಮಗೆ ಬೇಕಾದದ್ದು ಅಲ್ಲಿದೆ. ಎದುರಿಗೆ ಒಬ್ಬನೇ ತಪ್ಪು ಹೇಳಿದಾಗ ಯಾರೂ ಬಾಗಲಿಲ್ಲವೆಂದೇ ಹೇಳಬಹುದು. ಇಬ್ಬರಾದಾಗ ಒತ್ತಡ ತಲೆ ಎತ್ತಿತು. ಮೂವರಾದಾಗ ಹೆಚ್ಚುಕಡಿಮೆ ತನ್ನ ಪೂರ್ಣ ಬಲ ಪಡೆಯಿತು. ಆಮೇಲೆ ಎಷ್ಟು ಜನ ಸೇರಿದರೂ ದೊಡ್ಡ ವ್ಯತ್ಯಾಸವಾಗಲಿಲ್ಲ. ಆದರೆ ಅದೇ ಗುಂಪಿನೊಳಗೆ ನಿಜ ಹೇಳುವ ಒಬ್ಬನನ್ನು ಕೂರಿಸಿದ ಕೂಡಲೇ ತಪ್ಪು ಉತ್ತರಗಳು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿದವು. ಇನ್ನೂ ಗಮನಿಸಬೇಕಾದದ್ದೆಂದರೆ, ಆ ಒಬ್ಬ ಸರಿಯಾದ ಉತ್ತರವನ್ನೇ ಹೇಳಬೇಕೆಂದಿರಲಿಲ್ಲ. ಗುಂಪಿಗಿಂತ ಬೇರೆಯಾದ ಇನ್ನೊಂದು ತಪ್ಪನ್ನು ಹೇಳಿದರೂ ಉಳಿದವನ ನಾಲಿಗೆ ಸಡಿಲವಾಗುತ್ತಿತ್ತು. ಎಂದರೆ ಜನರನ್ನು ಕಟ್ಟಿಹಾಕುವುದು ಬಹುಮತಕ್ಕಿಂತ ಹೆಚ್ಚಾಗಿ ಒಮ್ಮತದ ತೋರಿಕೆ. ಅದರಲ್ಲಿ ಒಂದು ಬಿರುಕು ಬಿದ್ದರೆ ಸಾಕು.

ನಿಮ್ಮ ವಿಭಾಗದಲ್ಲಿ ಇರುವ ಒಮ್ಮತ ಎಷ್ಟು ನಿಜ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. 1993ರಲ್ಲಿ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕ್ಯಾಂಪಸ್ಸಿನ ಕುಡಿತದ ರೂಢಿಯ ಬಗ್ಗೆ ವಿಚಾರಿಸಿದಾಗ, ಸಾಮಾನ್ಯ ವಿದ್ಯಾರ್ಥಿಗೆ ಅದರ ಬಗ್ಗೆ ಇದ್ದ ಮುಜುಗರ ಇತರರಿಗೂ ಇದೆಯೆಂದು ಅವನು ತಿಳಿದಿರಲಿಲ್ಲ; ತನ್ನನ್ನು ಬಿಟ್ಟು ಉಳಿದವರೆಲ್ಲ ಅದಕ್ಕೆ ಹೊಂದಿಕೊಂಡು ಆರಾಮಾಗಿದ್ದಾರೆ ಎಂದೇ ಅವನ ಎಣಿಕೆಯಾಗಿತ್ತು. ಎಲ್ಲರೂ ಇನ್ನೊಬ್ಬರ ಮುಖ ನೋಡಿ ತಮ್ಮ ಮುಜುಗರವನ್ನು ನುಂಗಿಕೊಳ್ಳುತ್ತಾರೆ, ಆ ನುಂಗಿಕೊಂಡ ಮುಖವೇ ಇನ್ನೊಬ್ಬರಿಗೆ ಒಪ್ಪಿಗೆಯಾಗಿ ಕಾಣುತ್ತದೆ. ನಿಮ್ಮ ನಗುವನ್ನೂ ಪಕ್ಕದವರು ಹಾಗೆಯೇ ಓದಿರುತ್ತಾರೆ. ತೊದಲುವ ಆ ಸಹೋದ್ಯೋಗಿ ನಗುವುದನ್ನು ಒಪ್ಪಿಗೆಯೆಂದು ಎಣಿಸಲೇಬೇಡಿ. ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಒತ್ತಡದಲ್ಲಿ ನಗುತ್ತಿರುವವರು ಅವರೇ.

ಹಾಗಾದರೆ ಏನು ಮಾಡಬೇಕು? ಭಾಷಣ ಬೇಡ. ಮೊದಲ ಹೆಜ್ಜೆಯಾಗಿ ನಗುವುದನ್ನು ನಿಲ್ಲಿಸಿ, ಮುಖ ಗಂಟಿಕ್ಕದೆ ಸುಮ್ಮನಿರಿ. ಎರಡನೆಯದಾಗಿ, ಆ ಗುಂಪಿನಲ್ಲಿ ನಿಮಗೆ ಹತ್ತಿರವೆನಿಸುವ ಒಬ್ಬರೊಂದಿಗೆ ಬೇರೆಯಾಗಿ ಕೂತು, 'ಆ ಅನುಕರಣೆ ನನಗೆ ಸರಿಕಾಣುತ್ತಿಲ್ಲ, ನಿಮಗೆ ಹೇಗೆನಿಸುತ್ತದೆ?' ಎಂದು ಕೇಳಿ. ಅವರೂ ಅದನ್ನೇ ಹೇಳುವ ಸಾಧ್ಯತೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ಮುಂದಿನ ಸಲ ಅದು ಶುರುವಾದಾಗ, ಎಲ್ಲರೂ ನಕ್ಕು ಮುಗಿಸುವವರೆಗೆ ಕಾಯದೆ ಮೊದಲಲ್ಲೇ, ಸಹಜವಾದ ದನಿಯಲ್ಲಿ, 'ಇದು ಬೇಡ, ಬಿಡೋಣ' ಎಂದುಬಿಡಿ. ತಡವಾದಷ್ಟೂ ಮಾತು ಭಾರವಾಗುತ್ತದೆ, ಏಕೆಂದರೆ ಆಗ ನೀವು ಒಂದು ಅನುಕರಣೆಯನ್ನು ಮಾತ್ರವಲ್ಲ, ಆಗಲೇ ನಕ್ಕಾದ ಎಲ್ಲರನ್ನೂ ಆಕ್ಷೇಪಿಸಿದಂತಾಗುತ್ತದೆ.

ಎದೆ ಡವಗುಟ್ಟುವುದು ಖಂಡಿತ. 2005ರಲ್ಲಿ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು ಇಂಥ ಸನ್ನಿವೇಶದಲ್ಲಿರುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ತಪ್ಪು ಹೇಳುತ್ತಿದ್ದ ಗುಂಪಿಗೆ ಎದುರಾಗಿ ತಮ್ಮದೇ ಉತ್ತರ ಕೊಟ್ಟವರಲ್ಲಿ, ಭಯದಂಥ ಭಾವಗಳೊಂದಿಗೆ ಸಂಬಂಧವಿರುವ ಅಮಿಗ್ಡಲ ಎಂಬ ಭಾಗ ಚುರುಕಾಗಿತ್ತು. ಗಟ್ಟಿಯಾಗಿ ನಿಂತವರು ನಡುಕವಿಲ್ಲದವರು ಎಂಬ ಕಲ್ಪನೆಯನ್ನು ಬಿಟ್ಟುಬಿಡಿ. ಕೆಲವು ದಿನ ನಿಮ್ಮೊಂದಿಗೆ ಮಾತು ಬಿಗಿಯಾಗಬಹುದು, ಯಾರಾದರೂ 'ದೊಡ್ಡ ಮನುಷ್ಯ' ಎಂದು ಚುಚ್ಚಬಹುದು. ಆ ಬೆಲೆ ತೆರಬೇಕಾದದ್ದೇ ಎಂದು ನಾನು ನಂಬುತ್ತೇನೆ, ಏಕೆಂದರೆ ಈಗ ನಿಮ್ಮ ಪಾಲಿನ ಬೆಲೆಯನ್ನು ಆ ಸಹೋದ್ಯೋಗಿ ತೆರುತ್ತಿದ್ದಾರೆ.

ಪ್ರಶ್ನೆ: ನನಗೆ ಮೂವತ್ತಮೂರು ವರ್ಷ. ಮದುವೆಯಾಗುವ ಇಚ್ಛೆ ನನಗಿಲ್ಲ. ಒಂಟಿಯಾಗಿ, ನನ್ನ ಕೆಲಸ ಮತ್ತು ಸ್ನೇಹಿತರೊಂದಿಗೆ ಸಂತೋಷವಾಗಿದ್ದೇನೆ. ಆದರೆ ಬಂಧುಗಳು ಸೇರಿದ ಕಡೆಯೆಲ್ಲ ದೊಡ್ಡಮ್ಮನಿಂದ ಹಿಡಿದು ಚಿಕ್ಕಪ್ಪನವರೆಗೆ ಅದೇ ಮಾತು. ಮೊದಲು ಓದು ಮುಗಿಯಲಿ ಎಂದೆ, ಆಮೇಲೆ ಬಡ್ತಿ ಸಿಗಲಿ ಎಂದೆ, ಈಗ ಅಮ್ಮನ ಆರೋಗ್ಯ ಸುಧಾರಿಸಲಿ ಎನ್ನುತ್ತಿದ್ದೇನೆ. ಒತ್ತಾಯ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಹೇಗೆ ಎದುರಿಸಲಿ?

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರದ ಅರ್ಧ ಭಾಗವಿದೆ. ಓದು, ಬಡ್ತಿ, ಅಮ್ಮನ ಆರೋಗ್ಯ: ಈ ಮೂರೂ ಅವರ ಕಿವಿಗೆ 'ಬೇಡ' ಎಂದು ಕೇಳಿಸಿಲ್ಲ, 'ಇನ್ನೂ ಸ್ವಲ್ಪ ತಡೆಯಿರಿ' ಎಂದು ಕೇಳಿಸಿದೆ. ಅಡ್ಡಿ ಇದೆ ಎಂದು ನೀವೇ ಹೇಳಿದ್ದರಿಂದ, ಅಡ್ಡಿ ನಿವಾರಣೆಯಾಯಿತೇ ಎಂದು ಅವರು ಬಂದು ವಿಚಾರಿಸುತ್ತಿದ್ದಾರೆ. ಅವರ ದೃಷ್ಟಿಯಲ್ಲಿ ಅದು ಕಾಳಜಿ. ನೆಪ ಬದಲಾದಷ್ಟೂ, ಇವಳ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ, ಸ್ವಲ್ಪ ಒತ್ತಿದರೆ ಒಪ್ಪಿಯಾಳು ಎಂಬ ಭರವಸೆ ಅವರಿಗೆ ಹುಟ್ಟುತ್ತದೆ.

ಅಲ್ಪಸಂಖ್ಯೆಯವರ ಮಾತು ಯಾವಾಗ ನಾಟುತ್ತದೆ ಎಂಬುದನ್ನು ಫ್ರಾನ್ಸಿನ ಸೆರ್ಜ್ ಮೊಸ್ಕೊವಿಚಿ 1969ರಲ್ಲಿ ಪರೀಕ್ಷಿಸಿದರು. ಆರು ಜನರ ಗುಂಪಿಗೆ ನೀಲಿ ಬಣ್ಣದ 36 ಸ್ಲೈಡುಗಳನ್ನು ತೋರಿಸಲಾಯಿತು. ಅವರಲ್ಲಿ ಇಬ್ಬರು ಮೊದಲೇ ಮಾತಾಡಿಕೊಂಡಂತೆ ಪ್ರತಿ ಸಲವೂ ಹಸಿರು ಎಂದರು. ಉಳಿದ ನಾಲ್ವರ ಉತ್ತರಗಳಲ್ಲಿ ಶೇ. 8ಕ್ಕಿಂತ ಹೆಚ್ಚು ಹಸಿರಿನ ಕಡೆಗೆ ತಿರುಗಿದವು. ಅದೇ ಇಬ್ಬರು ಕೆಲವು ಸಲ ಹಸಿರು, ಕೆಲವು ಸಲ ನೀಲಿ ಎಂದಾಗ ಪರಿಣಾಮ ಶೇ. 1ರ ಆಸುಪಾಸಿಗೆ ಕುಸಿಯಿತು. ಅವರು ಹೇಳಿದ್ದು ಸುಳ್ಳೇ ಆಗಿದ್ದರೂ, ಒಂದೇ ಮಾತಿಗೆ ನಿಂತದ್ದು ಕೇಳುವವರ ಮೇಲೆ ಕೆಲಸ ಮಾಡಿತು. ನಿಮ್ಮದಂತೂ ನಿಜವಾದ ಮಾತು.

ಆದ್ದರಿಂದ ನೆಪಗಳನ್ನು ಇಂದೇ ಕೈಬಿಡಿ. ಮೊದಲು ಅಪ್ಪ ಅಮ್ಮನ ಬಳಿ, ಜನ ಸೇರಿದ ಕಡೆಯಲ್ಲಲ್ಲ, ಮನೆಯಲ್ಲಿ ಬಿಡುವಾಗಿ ಕೂತು ಹೇಳಿ: 'ನಾನು ಯೋಚಿಸಿಯೇ ತೀರ್ಮಾನ ಮಾಡಿದ್ದೇನೆ. ನನಗೆ ಮದುವೆ ಬೇಡ. ಇದುವರೆಗೆ ಹೇಳಿದ ಕಾರಣಗಳು ನಿಮಗೆ ನೋವಾಗದಿರಲಿ ಎಂದು ಹೇಳಿದವು.' ಅವರು ಅತ್ತಾರು, ಸಿಟ್ಟಾದಾರು. ಅದಕ್ಕೆ ಸಮಯ ಕೊಡಿ, ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ. ದೊಡ್ಡಮ್ಮ ಕೇಳಿದಾಗ ಉತ್ತರ ಇನ್ನೂ ಚಿಕ್ಕದಾಗಿರಲಿ: 'ದೊಡ್ಡಮ್ಮ, ನನಗೆ ಮದುವೆಯ ಮನಸ್ಸಿಲ್ಲ, ಅಪ್ಪ ಅಮ್ಮನಿಗೂ ಹೇಳಿದ್ದೇನೆ. ನಿಮ್ಮ ಮೊಣಕಾಲು ನೋವು ಈಗ ಹೇಗಿದೆ?' ಹೀಗೆ ಮಾತನ್ನು ಬೇರೆಡೆಗೆ ತಿರುಗಿಸುವುದು ಅಗೌರವವಲ್ಲ. ತೀರ್ಮಾನ ಚರ್ಚೆಗೆ ತೆರೆದಿಲ್ಲ, ಆದರೆ ಸಂಬಂಧ ತೆರೆದೇ ಇದೆ ಎಂದು ತಿಳಿಸುವ ದಾರಿ ಅದು. ಕಾರಣಗಳ ಪಟ್ಟಿ ಕೊಡಲು ಹೋಗಬೇಡಿ. ಒಂದೊಂದು ಕಾರಣಕ್ಕೂ ಒಂದೊಂದು ಪರಿಹಾರ ಹೊತ್ತು ಬರುವವರು ಬಂಧುಬಳಗದಲ್ಲಿ ಇದ್ದೇ ಇರುತ್ತಾರೆ.

ಅವರೆಲ್ಲ ನಿಮ್ಮ ತೀರ್ಮಾನವನ್ನು ಮೆಚ್ಚಬೇಕು ಎಂಬ ಆಸೆ ನಿಮ್ಮಲ್ಲಿ ಉಳಿದಿದ್ದರೆ, ಅದನ್ನು ಮಾತ್ರ ಬಿಡಬೇಕಾಗುತ್ತದೆ. ಮೆಚ್ಚುಗೆ ಬೇಕೆಂದಾದರೆ ವಾದ ಮುಗಿಯುವುದೇ ಇಲ್ಲ. ಅವರು ಒಪ್ಪದೆಯೂ ನಿಮ್ಮನ್ನು ಪ್ರೀತಿಸಬಲ್ಲರು, ನೀವೂ ಅವರ ಮಾತು ಕೇಳದೆಯೇ ಅವರನ್ನು ಆದರಿಸಬಲ್ಲಿರಿ. ಅಮ್ಮನ ಆರೋಗ್ಯದ ಬಗ್ಗೆ ಬರೆದದ್ದು ನೆಪವಷ್ಟೇ ಅಲ್ಲ ಎಂದು ನಿಮ್ಮ ಪತ್ರ ಓದಿದಾಗ ಅನಿಸಿತು. ಅವರು ಬೇಗ ಚೇತರಿಸಿಕೊಳ್ಳಲಿ.

ಪ್ರಶ್ನೆ: ಹದಿನೈದು ವರ್ಷದ ನನ್ನ ಮಗ ಮನೆಯಲ್ಲಿ ವಿವೇಕಿ. ಗೆಳೆಯರು ಸೇರಿದರೆ ಬೇರೆಯೇ ಹುಡುಗ. ಅವರು ಮಾಡಿದ್ದೆಲ್ಲ ಇವನಿಗೂ ಬೇಕು. 'ನಿನಗೆ ಸ್ವಂತ ಬುದ್ಧಿ ಇಲ್ಲವೇ' ಎಂದು ಬೈದರೆ ಮಾತು ಬಿಡುತ್ತಾನೆ.

ಉತ್ತರ: ಸ್ವಂತ ಬುದ್ಧಿ ಇದೆ, ಗೆಳೆಯರ ಎದುರು ಅದನ್ನು ಬಳಸುವ ಬಲ ಇನ್ನೂ ಬೆಳೆಯುತ್ತಿದೆ. ಮಾರ್ಗೊ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟು, ಕೆಲವರನ್ನು ಒಬ್ಬರನ್ನೇ, ಇನ್ನು ಕೆಲವರನ್ನು ಓರಗೆಯವರ ಎದುರಿನಲ್ಲಿ ಆಡಿಸಿ, ಅವರು ಎಷ್ಟು ಅಪಾಯಕ್ಕೆ ಕೈ ಹಾಕುತ್ತಾರೆಂದು ಗಮನಿಸಲಾಯಿತು. ಓರಗೆಯವರು ಪಕ್ಕದಲ್ಲಿದ್ದಾಗ 13ರಿಂದ 16ರ ವಯಸ್ಸಿನವರು ತೆಗೆದುಕೊಂಡ ಅಪಾಯ ಬಹಳ ಹೆಚ್ಚಿತು. 24 ದಾಟಿದವರಲ್ಲಿ ವ್ಯತ್ಯಾಸ ಹೆಚ್ಚೇನೂ ಕಾಣಲಿಲ್ಲ. ಸ್ಟೈನ್‌ಬರ್ಗ್ ಅವರೇ ಮುಂದೆ ನಡೆಸಿದ ಅಧ್ಯಯನದಲ್ಲಿ ಓರಗೆಯವರ ಒತ್ತಡವನ್ನು ತಡೆದುಕೊಳ್ಳುವ ಶಕ್ತಿ 14ರಿಂದ 18ರ ನಡುವೆ ಸ್ಥಿರವಾಗಿ ಏರುವುದು ಕಂಡುಬಂತು. ನಿಮ್ಮ ಮಗ ಆ ಏರುವ ದಾರಿಯ ಆರಂಭದಲ್ಲಿದ್ದಾನೆ.

ಬೈಗುಳ ಇಲ್ಲಿ ಇನ್ನೊಂದು ಒತ್ತಡವಷ್ಟೇ ಆಗುತ್ತದೆ. ಅದಕ್ಕಿಂತ, ಗೆಳೆಯರೆದುರು ಮುಖ ಉಳಿಸಿಕೊಂಡು ಹಿಂದೆ ಸರಿಯಲು ಅವನಿಗೊಂದು ದಾರಿ ಮಾಡಿಕೊಡಿ: 'ಇಷ್ಟವಿಲ್ಲದ ಕಡೆ ಸಿಕ್ಕಿಕೊಂಡರೆ ನನಗೆ ಫೋನ್ ಮಾಡು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ತಪ್ಪನ್ನು ನನ್ನ ಮೇಲೆ ಹಾಕು' ಎಂದು ಹೇಳಿ, ಹಾಗೆ ಫೋನ್ ಬಂದ ದಿನ ದಾರಿಯುದ್ದಕ್ಕೂ ವಿಚಾರಣೆ ಮಾಡದೆ ಕರೆತನ್ನಿ. ಮತ್ತೆ, ಮನೆಯಲ್ಲಿ ಅವನು ನಿಮ್ಮ ಮಾತಿಗೆ ಸಭ್ಯವಾಗಿ 'ಇಲ್ಲ' ಎಂದಾಗ ಏನಾಗುತ್ತದೆ ಎಂಬುದನ್ನು ಗಮನಿಸಿಕೊಳ್ಳಿ. ತಾಯಿಗೆ ಇಲ್ಲವೆನ್ನುವುದೇ ಅಪರಾಧವಾದ ಮನೆಯಲ್ಲಿ ಗೆಳೆಯರಿಗೆ ಇಲ್ಲವೆನ್ನುವುದನ್ನು ಅವನು ಎಲ್ಲಿ ಕಲಿಯಬೇಕು?

ಪ್ರಶ್ನೆ: ನಾನು ಯಾವುದಕ್ಕೂ ಸುಲಭವಾಗಿ ಒಪ್ಪುವವನಲ್ಲ. ಎಲ್ಲರೂ ಹೋಗುವ ದಾರಿ ಎಂದರೆ ನನಗೆ ಅನುಮಾನ. ಇದನ್ನು ನಾನು ತನ್ನತನವೆಂದು ತಿಳಿದಿದ್ದೆ; ಮೊನ್ನೆ ನನ್ನ ಹೆಂಡತಿ 'ಇದು ತನ್ನತನವಲ್ಲ, ಹಠ' ಎಂದಳು. ಎರಡರ ನಡುವೆ ಗೆರೆ ಎಲ್ಲಿದೆ?

ಉತ್ತರ: ನಿಮ್ಮ ಹೆಂಡತಿ ಎತ್ತಿದ ಪ್ರಶ್ನೆಯನ್ನು ನೀವು ತಳ್ಳಿಹಾಕದೆ ಬರೆದು ಕಳಿಸಿದ್ದೀರಲ್ಲ, ಅದನ್ನೇ ನಾನು ಒಳ್ಳೆಯ ಲಕ್ಷಣವೆಂದು ತಿಳಿಯುತ್ತೇನೆ.

ಎಲ್ಲರೂ ಹೌದೆಂದರೆ ಹೌದೆನ್ನುವವನೂ, ಎಲ್ಲರೂ ಹೌದೆಂದ ಮಾತ್ರಕ್ಕೆ ಅಲ್ಲವೆನ್ನುವವನೂ ತಮ್ಮ ಉತ್ತರವನ್ನು ಒಂದೇ ಕಡೆಯಿಂದ ತರುತ್ತಾರೆ. ಇಬ್ಬರೂ ನೋಡುತ್ತಿರುವುದು ಗುಂಪನ್ನು, ಗೆರೆಯನ್ನಲ್ಲ. ಆ್ಯಶ್ ಅವರ ಪ್ರಯೋಗದಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಒಂದು ಸುತ್ತಿನಲ್ಲೂ ಗುಂಪಿಗೆ ಬಾಗಲಿಲ್ಲ. ಅವರಲ್ಲಿ ಕೆಲವರು ಗುಂಪಿನ ಉತ್ತರ ಕೇಳಿ ಗಲಿಬಿಲಿಗೊಂಡಿದ್ದರು, ತಮ್ಮ ಕಣ್ಣನ್ನೇ ಸಂಶಯಿಸಿದ್ದರು. ಆದರೂ ಕೊನೆಗೆ ಕಂಡದ್ದನ್ನು ಕಂಡಂತೆ ಹೇಳಿದರು. ಗುಂಪು ಸರಿಯಾದ ಉತ್ತರ ಕೊಟ್ಟ ಸುತ್ತುಗಳಲ್ಲಿ ಎಲ್ಲರ ಜೊತೆಗೇ ಉತ್ತರಿಸಲು ಅವರಿಗೆ ಸಂಕೋಚವೂ ಆಗಲಿಲ್ಲ. ಅದು ತನ್ನತನ ಎಂದು ನಾನು ತಿಳಿದಿದ್ದೇನೆ: ಗುಂಪಿನ ಜೊತೆಗೂ, ಗುಂಪಿಗೆ ಎದುರಾಗಿಯೂ ಒಂದೇ ನಿರಾಳದಲ್ಲಿ ಇರಬಲ್ಲ ಸ್ಥಿತಿ.

ಇನ್ನು, ಇತರರ ಮಾತಿಗೆ ಮನಸ್ಸು ಬದಲಿಸುವುದೆಲ್ಲ ಸೋಲಲ್ಲ. 1955ರಲ್ಲಿ ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್ ಗುಂಪಿನ ಪ್ರಭಾವವನ್ನು ಎರಡಾಗಿ ಬಿಡಿಸಿ ತೋರಿಸಿದರು. ಒಂದು, ಬೇರೆಯವರಿಗೆ ತಿಳಿದದ್ದು ನನಗೆ ತಿಳಿಯದಿರಬಹುದು ಎಂಬ ಕಾರಣಕ್ಕೆ ಅವರ ಮಾತಿಗೆ ಕಿವಿಗೊಡುವುದು. ಇನ್ನೊಂದು, ಅವರು ನನ್ನನ್ನು ದೂರ ಮಾಡಿಯಾರು ಎಂಬ ಅಳುಕಿಗೆ ತಲೆಬಾಗುವುದು. ಮೊದಲನೆಯದು ಬುದ್ಧಿವಂತರ ಲಕ್ಷಣ. ಹಠವಂತನ ಕಷ್ಟವೆಂದರೆ ಎರಡನೆಯದನ್ನು ತಡೆಯಲು ಹೋಗಿ ಮೊದಲನೆಯದಕ್ಕೂ ಬಾಗಿಲು ಹಾಕಿಬಿಡುತ್ತಾನೆ. ನೀವು ಯಾವುದಾದರೊಂದು ವಿಷಯದಲ್ಲಿ ಎದುರು ನಿಂತಾಗ, ಒಪ್ಪಿದವರ ಕಡೆಯ ಅತ್ಯುತ್ತಮ ಕಾರಣ ಯಾವುದೆಂದು ಅವರೇ ತಲೆದೂಗುವಂತೆ ಹೇಳಬಲ್ಲಿರಾ ಎಂದು ನೋಡಿ. ಹೇಳಲಾಗದಿದ್ದರೆ ನೀವು ಇನ್ನೂ ವಿಷಯವನ್ನು ನೋಡಿಲ್ಲ. ನಾಳೆ ಬೆಳಗ್ಗೆ ಎಲ್ಲರೂ ನಿಮ್ಮ ಅಭಿಪ್ರಾಯಕ್ಕೇ ಬಂದುಬಿಟ್ಟರೆ ನಿಮಗೆ ಸಂತೋಷವಾಗುತ್ತದೆಯೇ, ಅಥವಾ ಏನೋ ಕಳೆದುಕೊಂಡಂತಾಗುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ. ಕಳೆದುಕೊಂಡಂತಾದರೆ ನಿಮಗೆ ಬೇಕಾಗಿದ್ದದ್ದು ಆ ಅಭಿಪ್ರಾಯವಲ್ಲ, ಎಲ್ಲರಿಗಿಂತ ಬೇರೆಯಾಗಿ ಕಾಣುವುದು.

ಎಲ್ಲ ವಿಷಯಕ್ಕೂ ಒಂದೇ ತೂಕ ಕೊಡಬೇಕಾಗಿಯೂ ಇಲ್ಲ. ಮನೆಗೆ ಯಾವ ಬಣ್ಣ, ರಜೆಗೆ ಯಾವ ಊರು, ಸಮಾರಂಭಕ್ಕೆ ಯಾವ ಉಡುಪು ಎಂಬಲ್ಲಿ ನಾಲ್ಕು ಜನರ ಜೊತೆ ಹೋದರೆ ನಿಮ್ಮಲ್ಲಿ ಏನೂ ಕಡಿಮೆಯಾಗುವುದಿಲ್ಲ. ಸುಳ್ಳಿಗೆ ಸಹಿ ಹಾಕುವುದು, ಒಬ್ಬರನ್ನು ನೋಯಿಸುವುದರಲ್ಲಿ ಕೈ ಸೇರಿಸುವುದು, ನಿಮ್ಮ ಬಾಳಿನ ದೊಡ್ಡ ತೀರ್ಮಾನವನ್ನು ಇನ್ನೊಬ್ಬರ ಸಮಾಧಾನಕ್ಕಾಗಿ ಮಾಡುವುದು, ಇಂಥ ಕಡೆ ಮಾತ್ರ ಜಗ್ಗಬಾರದು. ಸಣ್ಣದಕ್ಕೆಲ್ಲ ಎದುರು ನಿಲ್ಲುವವನ ಮಾತು ದೊಡ್ಡದು ಬಂದಾಗ ಯಾರ ಕಿವಿಗೂ ಬೀಳುವುದಿಲ್ಲ. ನಿಮ್ಮ ಹೆಂಡತಿಯ ಮಾತಿನ ಹಿಂದೆ ಈ ಬೇಸರವೂ ಇರಬಹುದು. ಅವರನ್ನೇ ಕೇಳಿ: 'ನಾನು ಎದುರು ನಿಂತದ್ದರಲ್ಲಿ ಯಾವುದು ನಿನಗೆ ಸರಿಯೆನಿಸಿತು, ಯಾವುದು ಹಠವೆನಿಸಿತು?' ಕೇಳಿದ ಮೇಲೆ ಸಮರ್ಥನೆ ಕೊಡದೆ ಪೂರ್ತಿ ಕೇಳಿಸಿಕೊಳ್ಳಿ.

ಒಂದು ಅಭ್ಯಾಸವನ್ನು ನಿಮಗೆ ಮಾತ್ರವಲ್ಲ, ಮೇಲಿನ ಪತ್ರಗಳನ್ನು ಬರೆದವರಿಗೂ ಸೂಚಿಸುತ್ತೇನೆ. ಡಾಯ್ಚ್ ಮತ್ತು ಜೆರಾರ್ಡ್ ತಮ್ಮ ಪ್ರಯೋಗದಲ್ಲಿ ಕೆಲವರಿಗೆ, ಇತರರ ಉತ್ತರ ಕೇಳುವ ಮೊದಲೇ ತಮ್ಮ ಉತ್ತರವನ್ನು ಕಾಗದದಲ್ಲಿ ಬರೆದು ಸಹಿ ಮಾಡಲು ಹೇಳಿದ್ದರು. ಅಂಥವರು ಆಮೇಲೆ ಗುಂಪಿಗೆ ಬಾಗಿದ್ದು ಬಹಳ ಕಡಿಮೆ. ಬರೆದು, ಯಾರಿಗೂ ತೋರಿಸದೆ ಅಳಿಸಿಹಾಕಿದವರಲ್ಲೂ ಬಾಗುವಿಕೆ ಇಳಿದಿತ್ತು. ಮುಖ್ಯವಾದ ಸಭೆ, ಮಾತುಕತೆ ಅಥವಾ ಕುಟುಂಬದ ಚರ್ಚೆಗೆ ಹೋಗುವ ಮುನ್ನ ನಿಮ್ಮ ಅಭಿಪ್ರಾಯವನ್ನೂ ಅದರ ಕಾರಣವನ್ನೂ ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಬಾಗುವ ಸ್ವಭಾವದವರಿಗೆ ಆ ಚೀಟಿ ಆಸರೆಯಾಗುತ್ತದೆ. ನಿಮ್ಮಂಥವರಿಗೆ ಅದರ ಉಪಯೋಗ ಬೇರೆ: ಚರ್ಚೆ ಮುಗಿದ ಮೇಲೆ ಅದನ್ನು ತೆಗೆದು, ಬರೆದ ಕಾರಣ ಈಗಲೂ ನಿಲ್ಲುತ್ತದೆಯೇ ಎಂದು ನೋಡಬಹುದು. ನಿಲ್ಲದಿದ್ದರೆ, ಯಾರ ಮುಂದೆ ಅಲ್ಲವೆಂದು ವಾದಿಸಿದ್ದಿರೋ ಅವರಿಗೇ ಹೋಗಿ, ಯಾವ ಮಾತಿನಿಂದ ಮನಸ್ಸು ಬದಲಾಯಿತು ಎಂಬುದನ್ನೂ ಸೇರಿಸಿ ತಿಳಿಸಿ.